ಮೂವತ್ತು ಸೆಕೆಂಡು

ಸಾಫ್ಟ್‌ವೇರ್ ಹೇಗಿರಬೇಕೆಂದು ಹೇಳುವ ದಪ್ಪ ಕಡತವನ್ನು ಹನ್ನೊಂದು ತಿಂಗಳು ಕೂತು ಬರೆದವನು ಕೇದಾರ. ಮೇಲೆ ಹೆಸರು ಸುಬ್ಬರಾಯನದು. ಹೈದರಾಬಾದಿನ ಹಿಮಾಯತ್‌ನಗರದ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಸುಬ್ಬರಾಯ ಮೇಲಧಿಕಾರಿ, ಬೇರೆಯವರ ಬರಹಕ್ಕೆ ಓದದೆ ಸಹಿ ಹಾಕುವುದರಲ್ಲಿ ನಿಸ್ಸೀಮ. ಎರಡು ಸಾವಿರದ ಇಸವಿ. ನಾಂಪಲ್ಲಿಯ ಸರಕಾರಿ ಕಚೇರಿಯೊಂದಕ್ಕೆ, ಆಸ್ತಿಪತ್ರದ ನಕಲು ಕೊಡುವ ಸಾಫ್ಟ್‌ವೇರ್ ತಯಾರಾಗಬೇಕಿತ್ತು. ಅದು ಗೆದ್ದರೆ ಚೀಫ್ ಆರ್ಕಿಟೆಕ್ಟ್ ಕುರ್ಚಿ ಸುಬ್ಬರಾಯನಿಗೆ, ಬಿದ್ದರೆ ಕೇದಾರನಿಗೆ. ಕೇದಾರನ ಹೊಟ್ಟೆಯಲ್ಲಿ ಬೆಂಕಿ ಬಿದ್ದಿತ್ತು.

ಸಾಫ್ಟ್‌ವೇರ್ ಏನು ಮಾಡಬೇಕೆಂದು ಯಾರು ಬೇಕಾದರೂ ಬರೆದಾರು. ಎಷ್ಟು ಬೇಗ ಮಾಡಬೇಕು, ಎಷ್ಟು ಜನರನ್ನು ತಾಳಬೇಕು, ಕರೆಂಟು ಹೋದರೆ ಹೇಗೆ ಸಾವರಿಸಿಕೊಳ್ಳಬೇಕು ಎಂಬುದನ್ನೆಲ್ಲ ಅಂಕಿಗಳಲ್ಲಿ ಹಿಡಿಯಲು ತಲೆ ಬೇಕು. ಆ ತಲೆ ಇಡೀ ಹೈದರಾಬಾದಿನಲ್ಲಿ ತನ್ನೊಬ್ಬನದೇ ಎಂದು ಕೇದಾರ ನಂಬಿದ್ದ.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ನಲವತ್ತೊಂದನೆಯ ಪುಟದಲ್ಲಿ ‘ಉತ್ತರ ಮೂರು ಸೆಕೆಂಡಿನಲ್ಲಿ’ ಎಂದಿದ್ದನ್ನು ಅವನು ‘ಮೂವತ್ತು’ ಮಾಡಿದ. ಹಳೆಯ ಪ್ರತಿಗಳನ್ನು ಅಳಿಸಿದ. ಸಾಫ್ಟ್‌ವೇರ್ ಕಟ್ಟುವವರಿಗೂ ಪರೀಕ್ಷಿಸುವವರಿಗೂ ಕಾಗದದಲ್ಲಿದ್ದದ್ದೇ ವೇದ. ಮೂವತ್ತಕ್ಕೆ ಕಟ್ಟಿ, ಮೂವತ್ತಕ್ಕೆ ಪಾಸು ಮಾಡುತ್ತಾರೆ. ಉದ್ಘಾಟನೆಯ ದಿನ ಅಧಿಕಾರಿ ಪರದೆಯ ಮುಂದೆ ಅರ್ಧ ನಿಮಿಷ ಪೆಚ್ಚಾಗಿ ಕೂರುತ್ತಾನೆ. ಆಮೇಲೆ ಸಹಿ ಯಾರದೆಂದು ನೋಡುತ್ತಾರೆ.

‘ಎಲ್ಲಾ ನೋಡೀಯೇನಪಾ?’ ಎಂದ ಸುಬ್ಬರಾಯ, ಪೆನ್ನಿನ ಮುಚ್ಚಳ ತೆಗೆಯುತ್ತ.

‘ನೋಡೀನ್ರಿ ಸರ್. ನೀವು ಬರೇ ಸಹಿ ಮಾಡ್ರಿ.’

ಉದ್ಘಾಟನೆಯ ದಿನ ಕೇದಾರ ಹೊಸ ಅಂಗಿ ತೊಟ್ಟು ಬಂದ. ಕಂಪನಿಯ ಮಾಲೀಕರೂ ಇದ್ದರು. ಕಚೇರಿಯ ಮುಖ್ಯಸ್ಥ ವೀರಭದ್ರಪ್ಪನವರು ದಾಖಲೆಯ ಸಂಖ್ಯೆ ಒತ್ತಿದರು. ಹತ್ತು ಸೆಕೆಂಡು. ಇಪ್ಪತ್ತು. ಸುಬ್ಬರಾಯ ಬೆವರು ಒರೆಸಿಕೊಂಡ. ಕೇದಾರನಿಗೆ ನಗು ತಡೆಯುವುದೇ ಕಷ್ಟವಾಯಿತು. ಮೂವತ್ತಕ್ಕೆ ನಕಲು ಹೊರಬಂತು.

ವೀರಭದ್ರಪ್ಪನವರು ಎದ್ದು ಸುಬ್ಬರಾಯನನ್ನು ತಬ್ಬಿಕೊಂಡರು. ‘ಏನ್ ಕಮಾಲ್ ಮಾಡೀರಿ ಸಾಹೇಬ್ರ! ಇಲ್ಲೀತನಕ ಒಂದು ನಕಲಿಗೆ ಮೂರು ದಿನ ಹಿಡೀತಿತ್ತರಿ!’ ಗುಮಾಸ್ತರೆಲ್ಲ ಚಪ್ಪಾಳೆ ತಟ್ಟಿದರು. ಮಾಲೀಕರು ಅಲ್ಲೇ ಸುಬ್ಬರಾಯನ ಕೈ ಕುಲುಕಿ ಹೊಸ ಹುದ್ದೆ ಸಾರಿದರು. ಮೂರೇ ಸೆಕೆಂಡಿನಲ್ಲಿ ಆಗಬೇಕಿತ್ತು ಎಂದು ಬಾಯಿಬಿಟ್ಟರೆ, ಮೂವತ್ತು ಮಾಡಿದವರು ಯಾರು ಎಂಬ ಪ್ರಶ್ನೆ ಏಳುತ್ತದೆ. ಕೇದಾರ ತಾನೂ ಚಪ್ಪಾಳೆ ತಟ್ಟಿದ. ‘ಈ ಮೂವತ್ತು ಸೆಕೆಂಡು ಎಂದೂ ಮೂವತ್ತೊಂದು ಆಗಬಾರದ್ರಿ,’ ಎಂದರು ವೀರಭದ್ರಪ್ಪನವರು. ‘ಚಿಂತಿ ಬಿಡ್ರಿ, ನೋಡ್ಕೊಳ್ಳಾಕ ನಮ್ಮ ಕೇದಾರನ್ನ ಇಲ್ಲೇ ಕೂಡಸ್ತೀನ್ರಿ,’ ಎಂದ ಸುಬ್ಬರಾಯ. ಅಷ್ಟೆಲ್ಲ ಅಂಕಿಗಳನ್ನು ಅಳೆದು ಬರೆದವನು, ಇಲ್ಲಿ ಒಂದು ನಕಲಿಗೆ ಎಷ್ಟು ದಿನ ಹಿಡಿಯುತ್ತದೆಂದು ಕೇಳಲು ಆ ಹನ್ನೊಂದು ತಿಂಗಳಲ್ಲಿ ಒಂದು ದಿನವೂ ಈ ಕಚೇರಿಯ ಮೆಟ್ಟಿಲು ಹತ್ತಿರಲಿಲ್ಲ.