ಮೇಜಿನ ಮೇಲಿನ ನಾಲ್ಕನೇ ಬಲ್ಬು

“ಲಾಸ್ಟ್ ಕಾರ್ಡ್” ಎಂದು ಬ್ರೈಡಿ ಕೈಯಲ್ಲಿ ಉಳಿದಿದ್ದ ಒಂದೇ ಎಲೆಯನ್ನು ಎದೆಗೆ ಒತ್ತಿಕೊಂಡಳು.

ಅವಳ ಅಜ್ಜಿ ನೋಲೀನ್ ತನ್ನ ಎಲೆಗಳನ್ನು ಮೂಗಿನ ಹತ್ತಿರ ತಂದುಕೊಂಡಳು. ಆಮೇಲೆ ದೂರ ಹಿಡಿದಳು. ಕೊನೆಗೆ ಒಂದನ್ನು ಆರಿಸಿ ಮೇಜಿನ ಮೇಲೆ ಇಟ್ಟಳು.

“ಅಜ್ಜಿ, ಕೆಳಗಿರೋದು ಡೈಮಂಡು. ನೀನು ಹಾಕಿದ್ದು ಆಟೀನು. ತಪ್ಪು. ಎರಡು ಎಲೆ ದಂಡ ತಗೋ.”

“ಹೌದಾ? ಸರಿ ಬಿಡು” ಎಂದು ಅಜ್ಜಿ ದಂಡ ಎತ್ತಿಕೊಂಡಳು.

ಬ್ರೈಡಿ ಕೊನೆಯ ಎಲೆಯನ್ನು ಪಟ್ಟನೆ ಬಡಿದಳು. “ಇವತ್ತೂ ನಾನೇ ಗೆದ್ದೆ. ನಿನ್ನ ಕಾಲ ಮುಗೀತು ಅಜ್ಜಿ.”

ಅಜ್ಜಿ ನಗಲಿಲ್ಲ. “ಮುಗೀತು ಅಂತ್ಲೇ ಕಾಣತ್ತೆ. ಇನ್ಮೇಲೆ ನೀನೂ ಅಜ್ಜನೂ ಆಡ್ಕೊಳ್ಳಿ. ಮುಂದಿನ ರಜಕ್ಕೆ ನಾನು ಮನೇಲೇ ಇರ್ತೀನೇನೋ” ಎಂದು ಎದ್ದು ಹೋಗಿ ಹಾಸಿಗೆ ಸರಿಮಾಡತೊಡಗಿದಳು.

ಬ್ರೈಡಿಯ ಮುಖ ಸಪ್ಪೆಯಾಯಿತು. ಅಜ್ಜಿ ಬರದಿದ್ದರೆ ಅದೆಂಥ ರಜ?

“ಸಾಕು, ಬ್ಯಾಟರಿ ಇಳೀತಾ ಇದೆ” ಎಂದು ಅಜ್ಜ ಮರ್ವ್ ಸ್ವಿಚ್ ಒತ್ತಿದ. ಬಸ್ಸು ಕತ್ತಲಾಯಿತು.

ಅದು ಹಿಂದೆ ಶಾಲೆಯ ಬಸ್ಸಾಗಿತ್ತು. ಬ್ರೈಡಿಯ ಅಪ್ಪ ಹುಟ್ಟುವ ಮೊದಲೇ ಅಜ್ಜ ಅದರ ಸೀಟು ಕಿತ್ತು, ಮಂಚ, ಒಲೆ, ಮೇಜು ಜೋಡಿಸಿ ರಜದಲ್ಲಿ ಸುತ್ತಾಡುವ ಮನೆ ಮಾಡಿದ್ದ. ವೈರಿಂಗ್ ಕೂಡ ಅವನದೇ. “ಈ ಬಸ್ಸಲ್ಲಿ ಒಂದು ವೈರು ತಪ್ಪು ತೋರಿಸಿ ನೋಡೋಣ” ಎಂದು ಸಿಕ್ಕವರಿಗೆಲ್ಲ ಸವಾಲು ಹಾಕುತ್ತಿದ್ದ. ಬಲ್ಬುಗಳೂ ಆಗಿನ ಕಾಲದವೇ, ಕರೆಂಟು ಕುಡಿಯುವುದರಲ್ಲಿ ಬಕಾಸುರರು. ನಾಲ್ಕನ್ನೂ ಉರಿಸಿದರೆ ಬೆಳಿಗ್ಗೆ ನೀರಿನ ಪಂಪು ಓಡದೆ ಚಹಾ ಇಲ್ಲ. ಅದಕ್ಕೇ ಸಂಜೆ ಮೇಜಿನ ಮೇಲಿನದು ಒಂದೇ. ಅದೂ ಅರಿಶಿನದ ನೀರಿನಂತೆ ಮಂಕಾಗಿ ಉರಿಯುತ್ತಿತ್ತು.

ಬ್ರೈಡಿ ಕಂಬಳಿ ಎಳೆದುಕೊಂಡು ಯೋಚಿಸಿದಳು. ತಾನು ಜಂಬ ಕೊಚ್ಚಿದ್ದಕ್ಕೇ ಅಜ್ಜಿಗೆ ಬೇಜಾರು. ನಾಳೆ ಅಜ್ಜಿಯನ್ನು ಆಟಕ್ಕೆ ಎಳೆಯಬೇಕು, ಬೇಕೆಂದೇ ಸೋಲಬೇಕು. ಆದರೆ ಸೋಲುವುದಕ್ಕೂ ಟೈಮ್ ಬೇಕಲ್ಲ. ಒಂದಾಟ ಮುಗಿಯುವಷ್ಟರಲ್ಲಿ ಅಜ್ಜ ಲೈಟ್ ಆರಿಸಿಬಿಡುತ್ತಾನೆ.

ಮರುದಿನ ಸಂಜೆ ಬೆನ್‌ಮೋರ್ ಸರೋವರದ ದಡದಲ್ಲಿ ಬೀಡುಬಿಟ್ಟವರೆಲ್ಲ ಎಂದಿನಂತೆ ಸೇರಿದರು. ಯಾರೂ ಯಾರನ್ನೂ ಕರೆಯುವುದಿಲ್ಲ. ಹೊತ್ತು ಇಳಿಯುತ್ತಿದ್ದಂತೆ ತಮ್ಮ ತಮ್ಮ ಕುರ್ಚಿ, ತಿನ್ನಲಿಕ್ಕೆ ಏನಾದರೊಂದು ಹಿಡಿದು ಬಂದು ಕೂರುತ್ತಾರೆ, ಅಷ್ಟೆ. ಅಜ್ಜಿ ಬಿಸಿಬಿಸಿ ಚೀಸ್ ರೋಲ್ ತಂದಿದ್ದಳು. ಪಕ್ಕದ ವ್ಯಾನಿನ ಶೋನಾ ಎರಡನ್ನು ಒಟ್ಟಿಗೆ ಎತ್ತಿಕೊಂಡಳು. ಅವಳ ವ್ಯಾನಿನಲ್ಲಿ ಆಗಲೇ ಎಲ್ಲ ದೀಪಗಳೂ ಉರಿಯುತ್ತಿದ್ದವು.

“ನಿಮ್ಮ ಬ್ಯಾಟರಿ ಖಾಲಿ ಆಗಲ್ವಾ?” ಬ್ರೈಡಿ ಕೇಳಿದಳು.

“ಎಲ್‌ಇಡಿ ಕಣೇ. ನಿಮ್ಮದು ಒಂದು ಉರಿಯೋ ಕರೆಂಟಲ್ಲಿ ನಮ್ಮದು ಹತ್ತು ಉರಿಯತ್ತೆ. ಡಬ್ಬೀಲಿ ನಾಲ್ಕು ಉಳಿದಿವೆ, ಬೇಕಾ?”

“ಬೇಡಪ್ಪ” ಎಂದು ಅಜ್ಜ ನಡುವೆ ಬಾಯಿ ಹಾಕಿದ. “ಬಸ್ಸು ಹಲ್ಲಿನ ಡಾಕ್ಟರ ರೂಮ್ ಥರ ಆಗತ್ತೆ.”

“ಇದು ಹಳದಿ ಬೆಳಕಿಂದು ಮರ್ವ್. ನಿನ್ನ ಹಲ್ಲಿಗೆ ಮ್ಯಾಚ್ ಆಗತ್ತೆ.”

ಎಲ್ಲರೂ ನಕ್ಕರು, ಅಜ್ಜಿ ಎಲ್ಲರಿಗಿಂತ ಜೋರಾಗಿ. ಅಜ್ಜ ಗೊಣಗುತ್ತಲೇ ಡಬ್ಬಿ ಇಸಿದುಕೊಂಡ.

ಬಸ್ಸಿಗೆ ಮರಳಿ, ಹಳೆಯವನ್ನು ಕಿತ್ತು, ಎರಡು ಕಡ್ಡಿಯ ಪುಟ್ಟ ಬಲ್ಬುಗಳನ್ನು ಒಂದೊಂದಾಗಿ ಚುಚ್ಚಿದರು. ಹಾಸಿಗೆಯ ಹತ್ತಿರ ಬೆಳಕಾಯಿತು. ಬಾಗಿಲ ಬಳಿ ಬೆಳಕಾಯಿತು. ಒಲೆಯ ಮೇಲೂ ಬೆಳಕಾಯಿತು.

“ದೇವರೇ, ಈ ಒಲೆ ಇಷ್ಟು ಕೊಳಕಾಗಿತ್ತಾ?” ಎಂದು ಅಜ್ಜಿ ಬಟ್ಟೆ ಹುಡುಕಿದಳು.

ನಾಲ್ಕನೆಯದು ಮೇಜಿನ ಮೇಲಿನದು. ಬ್ರೈಡಿ ಅದಕ್ಕಾಗಿಯೇ ಕಾದಿದ್ದಳು. ಅಜ್ಜ ಚುಚ್ಚಿದ, ಸ್ವಿಚ್ ಒತ್ತಿದ. ಬಲ್ಬು ಹೊತ್ತಲಿಲ್ಲ. ಹಳೆಯದನ್ನು ಹಾಕಿದ. ಹೊತ್ತಿತು.

“ನೋಡಿದ್ರಾ? ನನ್ನ ವೈರಿಂಗ್ ಸರಿಯಾಗೇ ಇದೆ. ಶೋನಾ ಕೊಟ್ಟ ಬಲ್ಬೇ ಡಬ್ಬಾ. ಮೇಜಿಗೆ ಹಳೇದೇ ಇರಲಿ.”

ಬ್ರೈಡಿಗೆ ಅಳು ಬರುವಂತಾಯಿತು. ಬೇರೆಲ್ಲ ಕಡೆ ಬೆಳಕು, ಆಡುವ ಜಾಗದಲ್ಲಿ ಮಾತ್ರ ಇಲ್ಲ. ಅವಳು ಆ ಬಲ್ಬನ್ನು ಎತ್ತಿಕೊಂಡು ಹೋಗಿ ಒಲೆಯ ಮೇಲಿನ ದೀಪಕ್ಕೆ ಹಾಕಿ ನೋಡಿದಳು. ಅಲ್ಲಿ ಚೆನ್ನಾಗಿಯೇ ಉರಿಯಿತು.

“ಬಲ್ಬು ಚೆನ್ನಾಗಿದೆ ಅಜ್ಜ.”

“ಹಾಗಾದ್ರೆ ಅದಕ್ಕೆ ಸೊಕ್ಕು.”

ಬ್ರೈಡಿಗೆ ತನ್ನ ಟಾರ್ಚು ನೆನಪಾಯಿತು. ಸೆಲ್ ಉಲ್ಟಾ ಹಾಕಿದರೆ ಅದೂ ಹೀಗೇ ಮುಷ್ಕರ ಹೂಡುತ್ತದೆ. ಅವಳು ಮೇಜಿನ ಬಳಿ ಬಂದು ಸ್ಟೂಲ್ ಹತ್ತಿದಳು. ಹಳೆಯದನ್ನು ತೆಗೆದು, ಹೊಸ ಬಲ್ಬಿನ ಬಲಗಡೆಯ ಕಡ್ಡಿ ಎಡಕ್ಕೆ ಬರುವಂತೆ ತಿರುಗಿಸಿ ಚುಚ್ಚಿದಳು.

ಮೇಜು ಬೆಳಗಿತು.

ಅಜ್ಜ ದೀಪದ ಹಿಂದಿನ ವೈರುಗಳನ್ನು ಬಗ್ಗಿ ನೋಡಿದ. “ಇಲ್ಲಿ ಕೆಂಪು ವೈರಿನ ಜಾಗಕ್ಕೆ ಕಪ್ಪು ಹೋಗಿದೆ” ಎಂದು ಮೆಲ್ಲಗೆ ಒಪ್ಪಿಕೊಂಡ. “ಹಳೇ ಬಲ್ಬು ಹೇಗೆ ಕೊಟ್ರೂ ಉರೀತಿತ್ತು. ಹಾಗಾಗಿ ಗೊತ್ತೇ ಆಗ್ಲಿಲ್ಲ.”

“ಅವತ್ತು ನಾನು ಕೆಂಪು ವೈರು ಕೈಗೆ ಕೊಟ್ಟೆ ಮರ್ವ್. ನೀನು ‘ನಿಂಗೇನು ಗೊತ್ತು, ಸುಮ್ನಿರು’ ಅಂದಿದ್ದೆ” ಎಂದ ಅಜ್ಜಿ ನಗು ತಡೆಯಲಾರದೆ ಹಾಸಿಗೆಯ ಮೇಲೆ ಕುಸಿದಳು. ಅಜ್ಜನೂ ನಗತೊಡಗಿದ. ಬಸ್ಸೇ ಅಲುಗಾಡಿತು.

ಆ ನಗುವಿನಲ್ಲೇ ಬ್ರೈಡಿ ಎಲೆ ಕಲಸಿದಳು. “ಒಂದೇ ಆಟ ಅಜ್ಜಿ. ಪ್ಲೀಸ್.”

ಅಜ್ಜಿ ಬಂದು ಕೂತಳು. ಸೋಲಲೆಂದು ಬ್ರೈಡಿ ಒಳ್ಳೆಯ ಎಲೆಗಳನ್ನು ಹಾಕದೆ ಇಟ್ಟುಕೊಂಡಳು. ಅಜ್ಜಿ ಗೆದ್ದಳು. ಇನ್ನೊಂದು ಆಟ ಆಡಿದರು. ಈ ಸಲ ಬ್ರೈಡಿ ನಿಜವಾಗಿಯೇ ಆಡಿದಳು. ಆಗಲೂ ಅಜ್ಜಿಯೇ ಗೆದ್ದಳು. ಮೂರನೆಯದರಲ್ಲಿ ಬ್ರೈಡಿ ತುಟಿ ಕಚ್ಚಿ, ಎಲೆ ಎಣಿಸಿ ಆಡಿದಳು.

“ಅದು ಆಟೀನು ಕಣೇ ಪುಟ್ಟಿ. ಕೆಳಗಿರೋದು ಡೈಮಂಡು. ದಂಡ ತಗೋ. ಮತ್ತೆ ನಂದು ಲಾಸ್ಟ್ ಕಾರ್ಡ್” ಎಂದಳು ಅಜ್ಜಿ.

ಬ್ರೈಡಿ ತಲೆಯೆತ್ತಿ ನೋಡಿದಳು. ಅಜ್ಜಿ ಎಲೆಯನ್ನು ಮೂಗಿನ ಹತ್ತಿರ ತಂದಿರಲಿಲ್ಲ. ಕೈ ಆರಾಮವಾಗಿ ಮೇಜಿನ ಮೇಲಿತ್ತು. ಬ್ರೈಡಿ ತೆಗೆದಿಟ್ಟ ಹಳೆಯ ಬಲ್ಬನ್ನು ನೋಡಿದಳು, ಮತ್ತೆ ಅಜ್ಜಿಯ ಕಣ್ಣುಗಳನ್ನು ನೋಡಿದಳು. ತಾನು ಗೆದ್ದ ಆಟಗಳೆಲ್ಲ ಒಂದೊಂದಾಗಿ ನೆನಪಿಗೆ ಬಂದವು.

“ಏನೇ, ನಿನ್ನ ಕಾಲ ಮುಗೀತಾ?” ಅಜ್ಜಿ ಕೊನೆಯ ಎಲೆ ಇಟ್ಟು ಕೇಳಿದಳು. “ಈ ಎಲೆಗಳೆಲ್ಲ ಸವೆದುಹೋಗಿವೆ. ಮುಂದಿನ ರಜಕ್ಕೆ ಬರ್ತಾ ಹೊಸ ಕಟ್ಟು ತರ್ಬೇಕು.”

ಬ್ರೈಡಿ ಎದ್ದು ಸ್ಟೂಲ್ ಹತ್ತಿ, ದೀಪದ ಬಾಗುವ ಕುತ್ತಿಗೆಯನ್ನು ಅಜ್ಜಿಯ ಕಡೆಗೆ ಇನ್ನಷ್ಟು ಬಗ್ಗಿಸಿದಳು. ಆಮೇಲೆ ಎಲೆಗಳನ್ನು ಒಟ್ಟುಮಾಡಿ ಹಂಚತೊಡಗಿದಳು.