ಅಮ್ಮಿಯ ಪಾಲಿಗೆ ಪೇಪರ್ ಪ್ಲೇಟು

"ನಿಜವಾಗ್ಲೂ ಸ್ವೀಟ್ ಅಂದ್ರಾ? ಸರಿಯಾಗಿ ಕೇಳಿಸ್ಕಂಡ್ಯಾ?"

ಗುಲ್ಜಾರ್‌ಬೀ ಹೀಗೆ ಕೇಳಿದ್ದು ಇದು ನಾಲ್ಕನೇ ಸಲ.

"ಹೂಂ ಅಮ್ಮಿ, ಸ್ವೀಟೇ ಅಂದ್ರು," ಎಂದಳು ಸಾಯಿಮಾ. ನಾಲ್ಕನೇ ಸಲವೂ ಅವಳು ಅಮ್ಮಿಯ ಮುಖ ನೋಡಲಿಲ್ಲ. ಹೋಮ್‌ವರ್ಕ್ ಪುಸ್ತಕದಲ್ಲಿ ಸುಮ್ಮನೆ ಗೆರೆ ಎಳೆಯುತ್ತಾ ಕೂತಳು.

ಒಲೆ ಮೇಲೆ ಕಡ್ಲೆಬೇಳೆ ಹಾಲಿನಲ್ಲಿ ಬೇಯುತ್ತಿತ್ತು. ಅದನ್ನು ರುಬ್ಬಿ, ತುಪ್ಪದಲ್ಲಿ ಹುರಿದು, ಸಕ್ಕರೆ ಹಾಕಿ ತಿರುವಿದರೆ ಹಲ್ವಾ. ತಿರುವೋದು ಅಂದರೆ ಹುಡುಗಾಟ ಅಲ್ಲ, ರಟ್ಟೆ ಬಿದ್ದು ಹೋಗುತ್ತದೆ. ಆದರೂ ಅಮ್ಮಿ ಹಾಡು ಗುನುಗುತ್ತಿದ್ದಳು. ಅಮ್ಮಿ ಗುನುಗಿದ್ದನ್ನು ಕೇಳಿ ಎಷ್ಟು ದಿನ ಆಗಿತ್ತೋ ಏನೋ.

ಸಾಯಿಮಾ ಮಾತ್ರ ಪುಸ್ತಕದಿಂದ ತಲೆ ಎತ್ತಲಿಲ್ಲ. ಯಾಕೆಂದರೆ ಸ್ವೀಟ್ ತರಬೇಕು ಅಂತ ಯಾರೂ ಹೇಳಿರಲಿಲ್ಲ.

ಗುಲ್ಜಾರ್‌ಬೀ ಕೆಲಸ ಮಾಡುವುದು ಜಗಳೂರು ಬಸ್‌ಸ್ಟ್ಯಾಂಡ್ ಹಿಂದಿನ ಹೊಲಿಗೆ ಸೆಂಟರಿನಲ್ಲಿ. ಸ್ಕೂಲ್ ಯೂನಿಫಾರ್ಮ್ ಹೊಲಿಯುವ ಜಾಗ ಅದು. ಹನ್ನೊಂದು ಮಂದಿ ಹೆಂಗಸರು, ಹನ್ನೊಂದು ಮಿಷಿನ್ನು. ತಿಂಗಳ ಕೊನೇ ಶನಿವಾರ ಅಲ್ಲಿ ಕೂಡೂಟ. ಅಂದರೆ ಒಬ್ಬೊಬ್ಬರು ಮನೆಯಿಂದ ಒಂದೊಂದು ಅಡುಗೆ ಮಾಡಿಕೊಂಡು ಬಂದು, ಎಲ್ಲರೂ ಒಟ್ಟಿಗೆ ಕೂತು ಹಂಚಿಕೊಂಡು ಉಣ್ಣೋದು.

ಯಾರು ಏನು ತರಬೇಕು ಅಂತ ಹೇಳುವವರು ಅನ್ನಪೂರ್ಣಮ್ಮ. ಸೆಂಟರಿಗೆಲ್ಲ ಅವರೇ ಹಿರಿಯರು, ಕೆಲಸ ಹಂಚುವವರೂ ಅವರೇ. ಉಳಿದವರಿಗೆ ವಾಟ್ಸಾಪ್‌ನಲ್ಲಿ ಮೆಸೇಜ್ ಹೋಗುತ್ತಿತ್ತು. ಅಮ್ಮಿಯದು ಬಟನ್ ಫೋನು. ಹಾಗಾಗಿ ಅಮ್ಮಿಗೆ ಅವರು ಫೋನ್ ಮಾಡುತ್ತಿದ್ದರು.

ನಿನ್ನೆ ಆ ಫೋನ್ ಎತ್ತಿದ್ದು ಸಾಯಿಮಾ.

"ಅಮ್ಮ ಇಲ್ಲೇನವ್ವ? ಇರ್ಲಿ ಬಿಡು, ನೀನೇ ಹೇಳು. ನಾನು ಹೋಳಿಗೆ ತರ್ತೀನಿ, ಪವಿತ್ರ ಚಿತ್ರಾನ್ನ ತರ್ತಾಳೆ. ಅಮ್ಮಂಗೆ ಪೇಪರ್ ಪ್ಲೇಟು, ಲೋಟ ತರಾಕೆ ಹೇಳು. ಮರೀಬ್ಯಾಡ ಮತ್ತೆ!"

ಮತ್ತೆ ಪ್ಲೇಟು! ಮೂರು ವರ್ಷದಿಂದ ಬರೀ ಪ್ಲೇಟು, ಲೋಟ! ಸಾಯಿಮಾಳಿಗೆ ಉರಿದುಹೋಯಿತು. ಒಮ್ಮೆ ಅಮ್ಮಿಯನ್ನೇ ಕೇಳಿದ್ದಳು. "ನಾನೇ ಪ್ಲೇಟ್ ತರ್ತೀನಿ ಅಂತ ಹೇಳೀನಿ ಕಣೇ. ಬೆಳಗ್ಗೆ ಎದ್ದು ಅಷ್ಟು ಜನಕ್ಕೆ ಯಾರು ಅಡುಗೆ ಮಾಡ್ತಾರೆ?" ಅಂತ ಅಮ್ಮಿ ನಕ್ಕುಬಿಟ್ಟಿದ್ದಳು.

ಅಮ್ಮಿಯ ಕೈರುಚಿ ಆ ಆಂಟಿಯರಿಗೆ ಗೊತ್ತಿಲ್ಲ, ಅದಕ್ಕೇ ಹೀಗೆ ಅಂದುಕೊಂಡಳು ಸಾಯಿಮಾ. ಒಂದೇ ಒಂದು ಸಲ ತಿಂದರೆ ಸಾಕು, ಬಾಯಿ ಚಪ್ಪರಿಸಿಕೊಂಡು ಇನ್ನೂ ಕೊಡಿ ಅಂತಾರೆ. ಆಮೇಲೆ ಪ್ಲೇಟಿನ ಮಾತೇ ಇರಲ್ಲ. ಹಾಗಂದುಕೊಂಡೇ ಅವಳು ಅಮ್ಮಿಗೆ ಹೇಳಿದ್ದು: "ಈ ಸಲ ನಿಂದು ಸ್ವೀಟ್ ಅಂತೆ!"

ಅಮ್ಮಿ ಇಷ್ಟು ಖುಷಿ ಪಡುತ್ತಾಳೆ ಅಂತ ಅವಳು ಅಂದುಕೊಂಡಿರಲಿಲ್ಲ. ಖುಷಿ ನೋಡಿದ ಮೇಲೆ ನಿಜ ಹೇಳುವುದಾದರೂ ಹೆಂಗೆ?

ಅಮ್ಮಿ ಏನೇನೋ ವಿಚಿತ್ರ ಮಾಡಿದಳು. ಮನೆಯಲ್ಲಿ ಇಷ್ಟೊಂದು ಡಬ್ಬಿ ಇದ್ದರೂ ಪೇಟೆಗೆ ಹೋಗಿ ಹೊಸ ಸ್ಟೀಲ್ ಡಬ್ಬಿ ತಂದಳು. ಅಂಗಡಿ ತುಪ್ಪ ಬ್ಯಾಡ ಅಂತ ಪಕ್ಕದ ಮನೆ ಗಿಡ್ಡಮ್ಮಜ್ಜಿಯ ಹತ್ತಿರ ತುಪ್ಪ ಕೊಂಡಳು. ಬಾಣಲೆಯನ್ನೂ ಅವರ ಮನೆಯದನ್ನೇ ತಂದಳು.

"ನಮ್ಮ ಬಾಣಲೆ ಇಲ್ವಾ ಅಮ್ಮಿ?"

"ಇರ್ಲಿ ಬಿಡು," ಎಂದಳು ಅಮ್ಮಿ, ಅಷ್ಟೇ.

ಶನಿವಾರ ಸ್ಕೂಲು ಅರ್ಧ ದಿನ. ಬೆಲ್ ಹೊಡೆದಿದ್ದೇ ತಡ, ಸಾಯಿಮಾ ಸೆಂಟರಿಗೆ ಓಡಿದಳು. ಎರಡು ಪ್ಲೇಟ್ ಪ್ಯಾಕೆಟ್ ತಾನೇ ಹೆಂಗಾದರೂ ಒಯ್ದುಬಿಡಬೇಕು ಅಂತ ದಾರಿಯುದ್ದಕ್ಕೂ ಯೋಚನೆ ಮಾಡಿದಳು. ಆದರೆ ಕೈಯಲ್ಲಿ ಕಾಸಿರಲಿಲ್ಲ.

ಆಗಲೇ ಮಿಷಿನ್‌ಗಳನ್ನು ಗೋಡೆಗೆ ಸರಿಸಿ ಚಾಪೆ ಹಾಸಿದ್ದರು. ಒಂದು ಮೂಲೆಯಲ್ಲಿ ನೀಲಿ ಬಟ್ಟೆಯ ಬಂಡಲ್ಲು. ಡಬ್ಬಿಗಳ ಮುಚ್ಚಳ ಒಂದೊಂದಾಗಿ ತೆಗೆದ ಹಾಗೆ ಘಮ್ ಅಂತ ವಾಸನೆ ಬಂತು. ಅಮ್ಮಿ ತನ್ನ ಹೊಸ ಡಬ್ಬಿಯನ್ನು ಹೋಳಿಗೆ ಡಬ್ಬಿಯ ಪಕ್ಕದಲ್ಲಿಟ್ಟು, ಸೆರಗಿನಿಂದ ಮತ್ತೊಮ್ಮೆ ಒರೆಸಿದಳು.

"ಗುಲ್ಜಾರಮ್ಮ, ಪ್ಲೇಟ್ ತಗೀರಿ. ಹೊಟ್ಟೆ ಚುರುಗುಟ್ತೈತೆ," ಎಂದರು ಅನ್ನಪೂರ್ಣಮ್ಮ.

ಅಮ್ಮಿಯ ಕೈ ಡಬ್ಬಿಯ ಮೇಲೇ ನಿಂತಿತು. "ಪ್ಲೇಟಾ?"

"ಅಯ್ಯ, ಫೋನ್ ಮಾಡಿ ಹೇಳಿದ್ನಲ್ರೀ! ನಿಮ್ಮ ಮಗಳೇ ಎತ್ತಿದ್ಲು. ಹೇಳ್ಲಿಲ್ವಾ?"

ಎಲ್ಲರೂ ಸಾಯಿಮಾಳ ಕಡೆ ತಿರುಗಿದರು. ಅಮ್ಮಿಯೂ ತಿರುಗಿದಳು. ಸಾಯಿಮಾಳಿಗೆ ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದಾ ಅನ್ನಿಸಿತು.

"ಹೇಳಿದ್ಲು ರೀ," ಎಂದಳು ಅಮ್ಮಿ. "ನಾನೇ ಮರ್ತೆ. ಎರಡೇ ನಿಮಿಷ, ಈಗ ತಂದೆ."

ಬುರ್ಖಾ ಹಾಕಿಕೊಂಡು ಬಿಸಿಲಲ್ಲಿ ಅಮ್ಮಿ ಅಂಗಡಿಗೆ ಓಡಿದಳು. ಸಾಯಿಮಾ ಡಬ್ಬಿಯ ಪಕ್ಕದಲ್ಲೇ ಉಳಿದಳು.

"ಇದೇನೇ ಇದು?" ಹಸಿರು ಸೀರೆಯ ಆಂಟಿ ಒಬ್ಬರು ಕೇಳಿದರು.

"ಹಲ್ವಾ ಆಂಟಿ. ಅಮ್ಮಿ ಮಾಡಿದ್ದು."

ಒಬ್ಬರು ಇನ್ನೊಬ್ಬರ ಮುಖ ನೋಡಿದರು. ಅನ್ನಪೂರ್ಣಮ್ಮ ತಮ್ಮ ಹೋಳಿಗೆ ಡಬ್ಬಿಯನ್ನು ಒಂದು ಗೇಣು ಆಚೆಗೆ ಎಳೆದುಕೊಂಡರು.

ಸಾಯಿಮಾಳಿಗೆ ಗಾಬರಿಯಾಯಿತು. ಬಡಬಡ ಅಂತ ಹೇಳತೊಡಗಿದಳು. "ಹೊಸಾ ಡಬ್ಬಿ ಆಂಟಿ, ಮೊನ್ನೆ ತಂದಿದ್ದು. ತುಪ್ಪ ಗಿಡ್ಡಮ್ಮಜ್ಜಿ ಮನೇದು. ಬಾಣಲೇನೂ ಅವರದ್ದೇ ಆಂಟಿ, ನಮ್ಮದಲ್ಲ..."

ಹೇಳುತ್ತಾ ಹೇಳುತ್ತಾ ಅವಳ ದನಿ ಸಣ್ಣದಾಯಿತು. ಅಮ್ಮಿ ಹೊಸ ಡಬ್ಬಿ ಯಾಕೆ ತಂದಳು ಅಂತ ಅವಳಿಗೆ ಗೊತ್ತಾಗಿದ್ದು ಆಗಲೇ. ಡಬ್ಬಿಯ ಮುಚ್ಚಳ ಮುಚ್ಚಿ ಕೂತಳು.

ಅಮ್ಮಿ ಬೆವರು ಸುರಿಸುತ್ತಾ ಪ್ಲೇಟ್ ತಂದಳು. ತಾನೇ ಎಲ್ಲರ ಮುಂದೆ ಒಂದೊಂದು ಇಟ್ಟಳು. ಚಿತ್ರಾನ್ನ ಬಂತು, ಹೋಳಿಗೆ ಬಂತು, ಮಂಡಕ್ಕಿ ಬಂತು, ಪಲ್ಯ ಬಂತು. ಕೊನೆಗೆ ಅಮ್ಮಿ ಹಲ್ವಾ ಡಬ್ಬಿ ಎತ್ತಿಕೊಂಡು ಹೊರಟಳು. ವಜ್ರದ ಆಕಾರದಲ್ಲಿ ಕತ್ತರಿಸಿದ ತುಂಡುಗಳು, ಒಂದೊಂದರ ಮೇಲೂ ಒಂದು ಗೋಡಂಬಿ.

"ನಂಗೆ ಶುಗರ್ ಐತಲ್ರೀ ಗುಲ್ಜಾರಮ್ಮ," ಎಂದರು ಅನ್ನಪೂರ್ಣಮ್ಮ. ಅವರ ಪ್ಲೇಟಿನಲ್ಲಿ ಎರಡು ಹೋಳಿಗೆ ಇದ್ದವು.

"ನಾನು ಶನಿವಾರ ಹೊರಗಿಂದು ಮುಟ್ಟಲ್ಲ ಕಣ್ರೀ," ಎಂದರು ಹಸಿರು ಸೀರೆಯ ಆಂಟಿ. ಅವರ ಪ್ಲೇಟಿನಲ್ಲಿ ನಾಲ್ಕು ಮನೆಯ ಅಡುಗೆ ಇತ್ತು. ಇದನ್ನು ಕಾಣಲು ಐದನೇ ಕ್ಲಾಸಿನ ಹುಡುಗಿಗೆ ಕನ್ನಡಕ ಬೇಕಾ?

ಇನ್ನೊಬ್ಬರಿಗೆ ಹಲ್ಲುನೋವು. ಮತ್ತೊಬ್ಬರಿಗೆ ಹೊಟ್ಟೆ ತುಂಬಿತ್ತು, ಇನ್ನೂ ಒಂದು ತುತ್ತೂ ತಿಂದಿರಲಿಲ್ಲ. ಎಲ್ಲರಿಗಿಂತ ಚಿಕ್ಕವಳು ಪವಿತ್ರ. ಅವಳ ಮಿಷಿನ್ ಅಮ್ಮಿಯ ಮಿಷಿನ್ ಪಕ್ಕದ್ದೇ. ಅಕ್ಕ ಅಕ್ಕ ಅಂತ ದಿನವಿಡೀ ಅಮ್ಮಿಗೆ ಅಂಟಿಕೊಂಡೇ ಇರುವವಳು. ಅವಳಾದರೂ ತಿಂತಾಳೆ ಅಂತ ಸಾಯಿಮಾ ಉಸಿರು ಹಿಡಿದು ನೋಡಿದಳು. ಪವಿತ್ರ ಅನ್ನಪೂರ್ಣಮ್ಮನ ಕಡೆ ಒಮ್ಮೆ ನೋಡಿ, "ಆಮೇಲೆ ತಿಂತೀನಿ ಅಕ್ಕ," ಎಂದಳು.

ಅಮ್ಮಿ ಹೂಂ ಅಂದಳು. ಎಲ್ಲರಿಗೂ ಹೂಂ ಅಂದಳು. ಒಬ್ಬರನ್ನೂ ಎರಡನೇ ಸಲ ಕೇಳಲಿಲ್ಲ. ತನ್ನ ಜಾಗದಲ್ಲಿ ಕೂತು, ಎಲ್ಲರ ಅಡುಗೆಯನ್ನೂ ತಿಂದಳು. "ಹೋಳಿಗೆ ಬಾಳ ಮೆತ್ತಗಾಗೈತೆ ರೀ," ಅಂತ ಹೊಗಳಿದಳು ಕೂಡ.

ಸಾಯಿಮಾಳಿಗೆ ಅದನ್ನು ನೋಡಲು ಆಗಲಿಲ್ಲ. ಅವಳು ಡಬ್ಬಿಯಿಂದ ಒಂದು ತುಂಡು ತಿಂದಳು. ಇನ್ನೊಂದು ತಿಂದಳು. ಮೂರು, ನಾಲ್ಕು. ಡಬ್ಬಿ ಸ್ವಲ್ಪವಾದರೂ ಖಾಲಿ ಕಾಣಲಿ ಅಂತ. ಐದನೆಯದು ಗಂಟಲಲ್ಲಿ ಇಳಿಯಲಿಲ್ಲ. ನೀರು ಕುಡಿದು ನುಂಗಿದಳು. ಡಬ್ಬಿ ಮಾತ್ರ ತುಂಬಿದಂತೆಯೇ ಕಂಡಿತು.

ಊಟ ಮುಗಿದ ಮೇಲೆ ಅಮ್ಮಿ ಹಿತ್ತಲಿನ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದಳು, ಸಾಯಿಮಾ ಡಬ್ಬಿ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಪವಿತ್ರ ಆಚೀಚೆ ನೋಡುತ್ತಾ ಬಂದಳು.

"ಅಕ್ಕ, ಒಂದು ತುಂಡು ಕೊಡ್ರಿ. ಒಳಗೆ ಎಲ್ಲರ ಮುಂದೆ ಆಗ್ಲಿಲ್ಲ. ನಮ್ಮತ್ತೆ ಕಿವಿಗೆ ಬಿದ್ರೆ ಮನೇಲಿ ರಂಪ ಆಗ್ತೈತೆ."

ಅಮ್ಮಿ ಡಬ್ಬಿ ತೆಗೆದು ಕೊಟ್ಟಳು. ಪವಿತ್ರ ಗೋಡೆಯ ಕಡೆ ಮುಖ ಮಾಡಿ ನಿಂತು ಗಬಗಬ ತಿಂದಳು. "ಅಯ್ಯೋ ಅಕ್ಕ, ಎಷ್ಟು ಚೆನ್ನಾಗೈತೆ!" ಅಂತ ಇನ್ನೊಂದು ತೆಗೆದುಕೊಂಡಳು. ಆಮೇಲೆ ಸೆರಗಿನಿಂದ ಬಾಯಿ ಚೆನ್ನಾಗಿ ಒರೆಸಿಕೊಂಡು, ಸಾಯಿಮಾಳ ಕೆನ್ನೆ ತಟ್ಟಿದಳು. "ಯಾರಿಗೂ ಹೇಳ್ಬ್ಯಾಡ ಪುಟ್ಟಿ, ಆಯ್ತಾ?"

"ಇಲ್ಲ, ಹೇಳಲ್ಲ ಬಿಡು," ಎಂದಳು ಅಮ್ಮಿ, ಸಾಯಿಮಾಳ ಪರವಾಗಿ.

ಅಮ್ಮಿಯ ಹಲ್ವಾ ಯಾರಾದರೂ ಬಾಯಿ ಚಪ್ಪರಿಸಿ ತಿನ್ನಬೇಕು ಅಂತ ಸಾಯಿಮಾ ಎಷ್ಟು ಆಸೆಪಟ್ಟಿದ್ದಳು! ಈಗ ಪವಿತ್ರಕ್ಕ ತಿಂದಳು, ಹೊಗಳಿದಳು. ಆದರೆ ಕದ್ದ ಮಾಲು ತಿಂದ ಹಾಗೆ ತಿಂದಳು. ಬೇಡ ಅಂದವರಿಗಿಂತ ಇವಳ ಮೇಲೇ ಸಾಯಿಮಾಳಿಗೆ ಹೆಚ್ಚು ಸಿಟ್ಟು ಬಂತು. ಅಳುವೂ ಬಂತು.

ಸಂಜೆ ಕೆಲಸ ಬಿಟ್ಟು ಮನೆಗೆ ನಡೆಯುವಾಗ ಅರ್ಧ ದಾರಿಗೆ ಸಾಯಿಮಾ ನಿಂತುಬಿಟ್ಟಳು.

"ಅಮ್ಮಿ, ಆಂಟಿ ಪ್ಲೇಟ್ ಅಂತಾನೇ ಹೇಳಿದ್ರು. ನಾನು ಸುಳ್ಳು ಹೇಳ್ದೆ."

"ಗೊತ್ತಾತು."

"ಹೊಡೀ ಅಮ್ಮಿ."

"ಯಾಕೆ ಹಂಗೆ ಹೇಳ್ದೆ?"

"ನಿನ್ನ ಅಡುಗೆ ಎಷ್ಟು ಚೆನ್ನಾಗಿರ್ತೈತೆ ಅಂತ ಅವ್ರಿಗೆ ಗೊತ್ತಿಲ್ಲ ಅನ್ಕಂಡೆ." ಸಾಯಿಮಾ ಬಿಕ್ಕಿದಳು. "ನೀನೇ ಪ್ಲೇಟ್ ಕೇಳಿದ್ದು ಅಂತ ಹೇಳ್ತಿದ್ಯಲ್ಲ!"

ಅಮ್ಮಿ ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದಳು. "ಅದೂ ಸುಳ್ಳೇ," ಎಂದಳು. "ಮೊದಲ್ನೇ ತಿಂಗಳು ಶಾವಿಗೆ ಪಾಯಸ ಒಯ್ದಿದ್ದೆ. ಹೋದ ಪಾತ್ರೆ ಹಂಗೇ ವಾಪಸ್ ಬಂತು. ಮುಂದಿನ ತಿಂಗಳಿಂದ ಪ್ಲೇಟು."

ಸಾಯಿಮಾಳಿಗೆ ಆ ಪಾಯಸ ನೆನಪಿತ್ತು. ಆಗ ಅವಳು ಎರಡನೇ ಕ್ಲಾಸು. ಪಾತ್ರೆ ತುಂಬ ಪಾಯಸ ನೋಡಿ ಕುಣಿದಾಡಿದ್ದಳು. ಅವಳೂ ಅವಳ ಅಬ್ಬಾನೂ ಸೇರಿ ಎರಡು ದಿನ ತಿಂದಿದ್ದರು. "ನಿಮಗೇ ಅಂತ ಹೆಚ್ಚು ಮಾಡ್ದೆ," ಅಂದಿದ್ದಳು ಅಮ್ಮಿ.

"ಗೊತ್ತಿದ್ರೂ ಈ ಸಲ ಯಾಕೆ ಮಾಡ್ದೆ ಅಮ್ಮಿ?"

"ಅವರೇ ಕೇಳಿದ್ರು ಅಂದ್ಯಲ್ಲ ನೀನು," ಎಂದಳು ಅಮ್ಮಿ.

ಸಾಯಿಮಾ ಅಮ್ಮಿಯ ಕೈಯಿಂದ ಡಬ್ಬಿ ಇಸಿದುಕೊಂಡು ತಾನೇ ಹೊತ್ತಳು. ತುಂಬಾ ಭಾರವಿತ್ತು.

ಮನೆಯಲ್ಲಿ ಅಬ್ಬಾ ಆಗಲೇ ಬಂದಿದ್ದರು. ಶೌಕತ್ ಅಲಿ ಅಂದರೆ ಊರಿನಲ್ಲಿ ಗಾದಿ ಹೊಲಿಯುವುದರಲ್ಲಿ ಹೆಸರುವಾಸಿ. ತಲೆಕೂದಲಿನ ತುಂಬ ಹತ್ತಿಯ ಎಳೆ ಹಾಗೇ ಇತ್ತು. ಬೆಳಗ್ಗೆ ಹೆಂಡತಿಯ ಖುಷಿ ನೋಡಿ ಹೋದವರು, ಸುದ್ದಿ ಕೇಳಲು ಕಾದು ಕೂತಿದ್ದರು.

"ಹೆಂಗಾತು ಕೂಡೂಟ?" ಅಂತ ಡಬ್ಬಿಯ ಮುಚ್ಚಳ ತೆಗೆದರು. "ಅರೆ! ಇದೇನು ಇಷ್ಟೊಂದು ಉಳಿದೈತೆ?"

ಅಮ್ಮಿ ಬುರ್ಖಾ ತೆಗೆದು ಮೊಳೆಗೆ ಸಿಕ್ಕಿಸುತ್ತಿದ್ದಳು. ಅವಳ ಕೈ ಅಲ್ಲೇ ನಿಂತಿತು. ಈ ಕಡೆ ತಿರುಗಲಿಲ್ಲ.

"ನಮಗೇ ಅಂತ ಹೆಚ್ಚು ಮಾಡ್ಯಾಳೆ ಅಬ್ಬಾ," ಎಂದಳು ಸಾಯಿಮಾ.

ಈ ಸಲ ಅವಳು ತಲೆ ತಗ್ಗಿಸಲಿಲ್ಲ. ಡಬ್ಬಿಯಿಂದ ದೊಡ್ಡದೊಂದು ತುಂಡು ತೆಗೆದು ಅಬ್ಬಾನ ಕೈಗೆ ಕೊಟ್ಟಳು. ಹೊಟ್ಟೆಯಲ್ಲಿ ಜಾಗವೇ ಇಲ್ಲದಿದ್ದರೂ, ತಾನೂ ಒಂದು ತೆಗೆದುಕೊಂಡು ತಿನ್ನತೊಡಗಿದಳು.