ಮೂಗು ಸೀನಲಿಲ್ಲ

ಬೆಂಕಿಯ ನಾಲಿಗೆ ಹಾಲಿನ ಪಾತ್ರೆಯ ತಳ ಮುಟ್ಟಿತ್ತು, ಅಷ್ಟೆ. ಚಾವಣಿಯಲ್ಲಿದ್ದ ನಿಂಬೆಹಣ್ಣಿನ ಗಾತ್ರದ ಗೋಲ 'ಆಕ್ಷೀ' ಎಂದಿತು. ನೀರು ಮಂಜಿನಂತೆ ಚಿಮ್ಮಿ, ಇಟ್ಟಿಗೆಗಳ ನಡುವೆ ಉರಿಯುತ್ತಿದ್ದ ಕರ್ಪೂರ, ಚಕ್ಕೆ ಎಲ್ಲ ಚುಸ್ಸೆಂದು ಆರಿಹೋದವು.

"ಅಯ್ಯೋ ಶಿವನೇ, ಹಾಲು ಉಕ್ಕಿಸೋ ಹೊತ್ತಿಗೇ ಸೀನ್ತಲ್ಲೋ!" ಎಂದು ಸುಷ್ಮಮ್ಮ ತಲೆಯ ಮೇಲೆ ಕೈ ಹೊತ್ತರು. ಮೈಸೂರಿನ ಈ ಎತ್ತರದ ಕಟ್ಟಡದಲ್ಲಿ ಅವರ ಮಗ ದಿಗಂತನ ಹೊಸ ಮನೆಯ ಗೃಹಪ್ರವೇಶ ಅವತ್ತು.

ಎಲ್ಲರೂ ಡಾ. ಪ್ರಣತಿಯ ಕಡೆ ತಿರುಗಿದರು. ಅವಳು ದಿಗಂತನ ಹೆಂಡತಿ ಹಂಸಿನಿಯ ಅಕ್ಕ. 'ಮೂಗು' ಎಂಬ ಆ ಯಂತ್ರವನ್ನು ಕಂಡುಹಿಡಿದವಳೂ ಅವಳೇ. ಯಾವುದೇ ವಸ್ತು ಹೊತ್ತಿಕೊಳ್ಳುವ ಮೊದಲು ಬಿಸಿಯಾಗಿ ಸೂಕ್ಷ್ಮವಾದ ಆವಿ ಬಿಡುತ್ತದೆ. ವೈರಿನ ಪ್ಲಾಸ್ಟಿಕ್ಕಿನದು ಒಂದು ವಾಸನೆ, ಹತ್ತಿಯದು ಇನ್ನೊಂದು. ಮನುಷ್ಯರಿಗೆ ಗೊತ್ತೇ ಆಗದ ಆ ವಾಸನೆ ಹಿಡಿದು, ಕರೆಂಟು ಕಡಿದು, ಅದೇ ಜಾಗಕ್ಕೆ ನೀರಿನ ಮಂಜು ಊದುವುದು ಮೂಗಿನ ಕೆಲಸ. ಅದು ಕೋಣೆ ಕೋಣೆಗೂ ಬಂದ ಮೇಲೆ ಮನೆಗೆ ಬೆಂಕಿ ಬಿತ್ತು ಎಂಬ ಸುದ್ದಿಯೇ ನಿಂತುಹೋಗಿತ್ತು.

ಮೂಗನ್ನು ಆರಿಸುವ ಗುಂಡಿಯನ್ನು ಪ್ರಣತಿ ಬೇಕೆಂದೇ ಇಟ್ಟಿರಲಿಲ್ಲ. ಜನ ಅದಕ್ಕೆ ಒದ್ದೆ ಟವೆಲ್ ಕಟ್ಟುವ ಉಪಾಯ ಕಂಡುಹಿಡಿದುಕೊಂಡರು. ಮದುವೆಯಿರಲಿ, ಹೋಮವಿರಲಿ, ಶುಭಕಾರ್ಯದ ಹೊತ್ತಿಗೆ ಸೀನು ಬೀಳಬಾರದಲ್ಲ!

"ಏಣಿ ತಗೊಂಡು ಬಾರೋ ದಿಗಂತ. ಎಲ್ಲಾ ಮೂಗಿಗೂ ಕಟ್ಟಿಬಿಡು" ಎಂದರು ಸುಷ್ಮಮ್ಮ.

"ಅತ್ತೆ, ಕಾರ್ಯ ಮುಗಿದ ತಕ್ಷಣ ಬಿಚ್ಚಿಸ್ತೀರಿ ತಾನೆ?" ಎಂದಳು ಪ್ರಣತಿ.

"ಬಿಚ್ಚಿಸ್ತೀನಮ್ಮ ವಿಜ್ಞಾನಿ! ನಿನ್ನ ಮೂಗಿಗೆ ಕಟ್ತಿಲ್ಲವಲ್ಲ, ಸುಮ್ನಿರು."

ಎಲ್ಲರೂ ನಕ್ಕರು. ಪ್ರಣತಿಯೂ ನಕ್ಕಳು.

ಊಟ ಮುಗಿಯಿತು. ಹಾಲ್‌ನ ಟವೆಲ್ ಬಿಚ್ಚಿದರು, ಅಡುಗೆಮನೆಯದೂ ಬಿಚ್ಚಿದರು. ಮಲಗುವ ಕೋಣೆಯದನ್ನು ಮಾತ್ರ ಬಿಡಿ ಎಂದರು ಸುಷ್ಮಮ್ಮ. ಹೊಸ ಮನೆಯಲ್ಲಿ ಮೊದಲ ದಿನ ಹಚ್ಚಿದ ದೀಪ ಆರಬಾರದೆಂದು ಅದನ್ನು ಅಲ್ಲಿ ಒಂದು ಮೂಲೆಯಲ್ಲಿಟ್ಟಿದ್ದರು. ದೀಪದಿಂದ ತುಸು ದೂರದಲ್ಲಿ, ಜಮಖಾನದ ಮೇಲೆ ಹಂಸಿನಿಯ ಮಗಳು ಇಂಚರ ನಿದ್ದೆಹೋಗಿದ್ದಳು. ಗಲಾಟೆ ಕೇಳದಿರಲೆಂದು ಯಾರೋ ಬಾಗಿಲು ಹಾಕಿದ್ದರು. ಬಾಲ್ಕನಿಯ ಕಿಟಕಿ ತೆರೆದೇ ಇತ್ತು, ಹೊಸ ಪರದೆ ಗಾಳಿಗೆ ಹಾರುತ್ತಿತ್ತು.

ನೆಂಟರು ತಾಂಬೂಲ ಹಿಡಿದು ಹೊರಡಲು ಎದ್ದರು. ಹಾಲ್‌ನ ಮೂಗು ಸೀನಿತು.

"ಕೂತ್ಕೊಳ್ಳಿ, ಕೂತ್ಕೊಳ್ಳಿ! ಹೊರಡುವಾಗ ಸೀನ್ತು. ಒಂದ್ಲೋಟ ನೀರು ಕುಡ್ಕೊಂಡೇ ಹೋಗಿ" ಎಂದರು ಸುಷ್ಮಮ್ಮ. ಎಲ್ಲರೂ ಕೂತರು. ಲೋಟಗಳು ಬಂದವು. ಮೂಗು ಮತ್ತೆ ಸೀನಿತು.

"ಜೋಡಿ ಸೀನು, ಒಳ್ಳೇದೇ ಆಯ್ತು ಬಿಡಿ" ಎಂದು ಯಾರೋ ನಕ್ಕರು.

ಪ್ರಣತಿಯ ಕೈಯಿಂದ ಲೋಟ ಜಾರಿತು. ಮಂಜು ಬೀಳುತ್ತಿದ್ದದ್ದು ಮಲಗುವ ಕೋಣೆಯ ಬಾಗಿಲ ಬುಡಕ್ಕೆ. ಅಲ್ಲಿ ಬೂದು ಹೊಗೆಯ ಸಣ್ಣ ಎಳೆಯೊಂದು ತೆವಳಿಕೊಂಡು ಹೊರಗೆ ಬರುತ್ತಿತ್ತು.

"ಇಂಚರಾ!"

ಒಳಗಿನಿಂದ ಕೆಮ್ಮು. ಆಮೇಲೆ ಪುಟ್ಟ ದನಿ: "ದೊಡ್ಡಮ್ಮಾ, ನಾನು ಕಾಯ್ತಾ ಇದ್ದೀನಿ. ಅದು ಸೀನ್ತಾನೇ ಇಲ್ಲ!"

ಶಾಲೆಗಳಲ್ಲಿ ಈಗ ಹೇಳಿಕೊಡುತ್ತಿದ್ದದ್ದು ಅಷ್ಟೇ: ಬೆಂಕಿ ಕಂಡರೆ ಹೆದರಬೇಡಿ, ಮೂಗು ಸೀನುತ್ತದೆ. ಮಗು ಹೇಳಿದಂತೆ ಕೇಳಿತ್ತು.

ದಿಗಂತ ಓಡಿಬಂದು ಬಾಗಿಲು ಒದೆಯಲು ಕಾಲೆತ್ತಿದ.

"ಬೇಡ! ಕಿಟಕಿ ಬೇರೆ ತೆರೆದಿದೆ, ಈ ಕಡೆಯಿಂದಲೂ ಗಾಳಿ ನುಗ್ಗಿದ್ರೆ ಭಗ್ ಅಂತ ಹತ್ಕೊಳ್ಳುತ್ತೆ!" ಪ್ರಣತಿ ಅವನನ್ನು ತಳ್ಳಿ, ಅಂಗೈ ಹಿಂಭಾಗವನ್ನು ಬಾಗಿಲಿಗೆ ತಾಗಿಸಿದಳು. ಬೆಚ್ಚಗಿತ್ತು, ಇನ್ನೂ ಸುಡುತ್ತಿರಲಿಲ್ಲ. "ಎಲ್ರನ್ನೂ ಮೆಟ್ಟಿಲಲ್ಲಿ ಇಳಿಸು, ಲಿಫ್ಟ್ ಬೇಡ. ಅಗ್ನಿಶಾಮಕದವರಿಗೆ ಫೋನ್ ಮಾಡು."

"ನಂಬರ್ ಎಷ್ಟು ಅತ್ತಿಗೆ?"

ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ.

"ಪುಟ್ಟೀ, ನೆಲಕ್ಕೆ ಮಲಕ್ಕೋ! ಕೆನ್ನೆ ನೆಲಕ್ಕೆ ತಾಗಿಸು! ನನ್ನ ದನಿ ಕಡೆಗೇ ತೆವಳು!" ಎಂದು ಕೂಗಿ, ಪ್ರಣತಿ ಬಾಗಿಲನ್ನು ಮೆಲ್ಲಗೆ ಸರಿಸಿ ಹೊಟ್ಟೆಯ ಮೇಲೆ ಒಳಹೊಕ್ಕಳು. ಮೇಲೆಲ್ಲ ಕಪ್ಪು. ನೆಲದಿಂದ ಒಂದು ಗೇಣಷ್ಟು ಎತ್ತರದವರೆಗೆ ಮಾತ್ರ ಉಸಿರಾಡುವಂಥ ಗಾಳಿ. ಪರದೆ ಉರಿದು ಹಾಸಿಗೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಕಣ್ಣು ಬಿಡಲಾಗಲಿಲ್ಲ. ಕೈ ಚಾಚಿದಳು. ಜಮಖಾನ. ಬಳೆಯ ಪೆಟ್ಟಿಗೆ. ಏನೂ ಇಲ್ಲ. ದೇವರೇ, ಏನೂ ಇಲ್ಲ. ಕೊನೆಗೆ ಒಂದು ಪುಟ್ಟ ಪಾದ.

ಎಳೆದಳು. ಹೊರಬಂದು ಬಾಗಿಲು ಮುಚ್ಚಿದಳು. ಮೆಟ್ಟಿಲ ತುಂಬ ಚಪ್ಪಲಿ ಸ್ಟ್ಯಾಂಡು, ಸೈಕಲ್ಲು, ಬಾಡಿಗೆ ಕುರ್ಚಿ. ಅವನ್ನೆಲ್ಲ ಎಡವುತ್ತ, ಒದೆಯುತ್ತ, ಮಗುವನ್ನು ಎದೆಗವಚಿಕೊಂಡು ಇಳಿದಳು.

ಬಾಗಿಲು ಮುಚ್ಚಿದ್ದರಿಂದ ಬೆಂಕಿ ಆ ಕೋಣೆಯನ್ನು ದಾಟಲಿಲ್ಲ. ಇಂಚರ ಆಸ್ಪತ್ರೆಯಲ್ಲಿ ಚೇತರಿಸಿಕೊಂಡಳು. ಮಂಚದ ಪಕ್ಕ ಕೂತು ಸುಷ್ಮಮ್ಮ ಅತ್ತರು.

"ನಮ್ಮ ಕಾಲದಲ್ಲಿ ಗ್ಯಾಸ್ ವಾಸನೆ ಬಂದ್ರೆ ಸಾಕು, ಸ್ವಿಚ್ ಮುಟ್ತಿರಲಿಲ್ಲ ಕಣೇ. ಕಿಟಕಿ ತೆಗೆದು ಹೊರಗೆ ಓಡ್ತಿದ್ವಿ. ಆಗ ಭಯ ಇತ್ತು. ಅದೆಲ್ಲಿ ಹೋಯ್ತೋ."

"ಆ ಭಯಾನ ನಾನೇ ಇಸ್ಕೊಂಡೆ ಅತ್ತೆ" ಎಂದಳು ಪ್ರಣತಿ.

ಮನೆ ರಿಪೇರಿಯಾದ ಮೇಲೆ ಅವಳು ಒಂದು ಭಾನುವಾರ ಬಂದಳು. ಹೊಸ ಯಂತ್ರವೇನೂ ತಂದಿರಲಿಲ್ಲ. ಒಬ್ಬೊಬ್ಬರ ಕಣ್ಣಿಗೂ ಬಟ್ಟೆ ಕಟ್ಟಿ, ಹಾಸಿಗೆಯಿಂದ ಮುಂಬಾಗಿಲವರೆಗೆ ತೆವಳಿಕೊಂಡು ಬನ್ನಿ ಎಂದಳು. ಇಂಚರ ಕಿಲಕಿಲ ನಗುತ್ತ ಬಂದುಬಿಟ್ಟಳು.

"ಅಪ್ಪ, ಈಗ ನೀನು!"

ದಿಗಂತ ನಗುತ್ತಲೇ ಹೊರಟ. ಸೋಫಾಕ್ಕೆ ತಲೆ ಹೊಡೆಸಿಕೊಂಡ. ಗೋಡೆ ತಡವಿದ. ಬಾಗಿಲು ಸಿಕ್ಕಿತು, ಆದರೆ ಚಿಲಕ ಸಿಗಲಿಲ್ಲ. ಮೇಲೆ ತಡಕಿದ, ಕೆಳಗೆ ತಡಕಿದ, ಉಸಿರು ಬಿಗಿಹಿಡಿದು ಎರಡೂ ಕೈಯಿಂದ ಪರಚಾಡಿದ. ಕೊನೆಗೆ ಕಣ್ಣಿನ ಬಟ್ಟೆ ಕಿತ್ತುಹಾಕಿದ. ಹಣೆಯೆಲ್ಲ ಬೆವೆತಿತ್ತು.

"ಅತ್ತಿಗೆ," ಎಂದ ಮೆಲ್ಲಗೆ, "ದಿನಾ ತೆಗೆಯೋ ಬಾಗಿಲು ಇದು."